ಕಾಲಂ ಮೂರು, ಕಾಲಂ ಒಂಬತ್ತು

ಗೋವಾದ ಮ್ಹಾಪಸಾ ಪಟ್ಟಣದ ಮಾಮಲೇದಾರ ಕಚೇರಿಯ ಆಸುಪಾಸಿನಲ್ಲಿ ಜಮೀನಿನ ಮಾತು ಎದ್ದರೆ ಮೊದಲು ಬರುವ ಹೆಸರು ‘ವನ್ ಫೋರ್ಟೀನ್’. ಕಾಗದದ ತಲೆಬರಹದಲ್ಲಿ ಅದು ‘ಫಾರ್ಮ್ ಒಂದು ಮತ್ತು ಹದಿನಾಲ್ಕು’. ನಾವು ಪಹಣಿ ಎನ್ನುವುದು, ಬೆಳಗಾವಿ–ಧಾರವಾಡದ ಕಡೆಯವರು ಉತಾರ ಎನ್ನುವುದು ಗಡಿ ದಾಟಿದ ಮೇಲೆ ಹಾಕಿಕೊಳ್ಳುವ ವೇಷ ಇದು. ಪಟ್ಟಣದೊಳಗಿನ ನಿವೇಶನಕ್ಕಾದರೆ ಕಾಗದವೇ ಬೇರೆ: ಚಲ್ತಾ ನಂಬರು, ಪಿ.ಟಿ. ಶೀಟ್ ನಂಬರು ನಮೂದಾಗಿರುವ ಫಾರ್ಮ್ ಡಿ. ಊರು ದಾಟಿ ಅಸಗಾಂವ್, ಪರ್ರಾ, ಶಿವೋಲಿ ಕಡೆ ಹೋದರೆ ಸರ್ವೆ ನಂಬರಿನ ರಾಜ್ಯ ಶುರುವಾಗುತ್ತದೆ.

ಆ ಕಾಗದದ ಮೇಲ್ಭಾಗದಲ್ಲಿ ವಿಸ್ತೀರ್ಣದ ಕಾಲಂಗಳ ಒಂದು ಸಾಲು ಇದೆ. ಸಾಗುವಳಿಗೆ ಬರುವ ನೆಲವನ್ನು ಆರು ಬಗೆಯಾಗಿ ಒಡೆದು ಬರೆಯುತ್ತಾರೆ: ಜಿರಾಯತ್, ಬಾಗಾಯತ್, ಭತ್ತದ ತರಿ, ಖಾಜನ್, ಕೇರ್, ಮೊರಡ್. ಖಾಜನ್ ಎಂದರೆ ಭರತ–ಇಳಿತದ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು ಉಳಿಸಿಕೊಂಡ ಹೊಳೆಯಂಚಿನ ಗದ್ದೆ. ಮೊರಡ್ ಮೇಲ್ದಂಡೆಯ ಒಣನೆಲ. ಈ ಆರರ ಪಕ್ಕದಲ್ಲಿ ಅವುಗಳ ಒಟ್ಟು. ಆಮೇಲೆ ಸಾಗುವಳಿಗೆ ಬಾರದ ಪೋತ್ ಖರಾಬು, ‘ಎ’ ವರ್ಗ, ‘ಬಿ’ ವರ್ಗ, ಅವೆರಡರ ಒಟ್ಟು. ತುದಿಯಲ್ಲಿ ಎರಡೂ ಒಟ್ಟುಗಳನ್ನು ಕೂಡಿಸಿದ ಮಹಾಮೊತ್ತ. ಎಲ್ಲ ಲೆಕ್ಕ ಹೆಕ್ಟೇರು, ಆರ್, ಚದರ ಮೀಟರಿನಲ್ಲಿ.

ಹನ್ನೊಂದು ಅಂಕಿ. ಅದರಲ್ಲಿ ಎಂಟನ್ನು ಯಾರಾದರೂ ಅಳೆದು ಹೇಳಲೇಬೇಕು. ಉಳಿದ ಮೂರನ್ನು ಕೂಡುವುದು ಬಲ್ಲ ಮಗುವೂ ಹೇಳಬಹುದು. ಹಾಗಾದರೆ ಈ ದಾಖಲೆಯನ್ನು ಕಂಪ್ಯೂಟರಿಗೆ ಹಾಕುವಾಗ ಫೈಲಿನಲ್ಲಿ ಎಂಟು ಖಾನೆ ಇರಬೇಕೋ, ಹನ್ನೊಂದೋ?

ಕೇಳಲು ಗುಮಾಸ್ತಿಕೆಯ ಪ್ರಶ್ನೆ. ಆದರೆ ಡೇಟಾಬೇಸ್ ಕಟ್ಟುವವರು ಅರವತ್ತು ವರ್ಷಗಳಿಂದ ಜಗಳವಾಡುತ್ತ ಬಂದಿರುವುದು ಇದರ ಮೇಲೆಯೇ. ಯಾವುದನ್ನು ಬರೆದಿಡಬೇಕು, ಯಾವುದನ್ನು ಕೇಳಿದಾಗ ಲೆಕ್ಕ ಹಾಕಿ ತೋರಿಸಿದರೆ ಸಾಕು? ಜಮೀನು, ವಯಸ್ಸು, ಬಾಕಿ ಮೊತ್ತ, ತೆರಿಗೆ, ಸರ್ಕಾರ ನಮ್ಮ ಬಗ್ಗೆ ಇಟ್ಟುಕೊಂಡ ಯಾವ ಕಡತ ತೆಗೆದರೂ ಈ ಎರಡು ಜಾತಿಯ ಅಂಕಿಗಳು ಅಕ್ಕಪಕ್ಕ ಕೂತಿರುತ್ತವೆ. ಮುದ್ರಿತ ಕಾಗದ ನೋಡಿದವನಿಗೆ ಯಾವುದು ಯಾವ ಜಾತಿ ಎಂದು ಗೊತ್ತಾಗುವುದಿಲ್ಲ.

ಪಠ್ಯಪುಸ್ತಕದ ಉತ್ತರ ಸರಳ: ಎಂಟೇ ಸಾಕು. ಜಿರಾಯತ್ 10 ಆರ್, ಬಾಗಾಯತ್ ಐದೂವರೆ ಆರ್, ಖರಾಬು ಮುಕ್ಕಾಲು ಆರ್ ಇರುವ ತುಂಡು ಎಂದುಕೊಳ್ಳಿ. ಮೊತ್ತ ಹದಿನಾರೂಕಾಲು. ನಾಳೆ ತಕರಾರು ಬಂದು ಬಾಗಾಯತ್ ಐದು ಆರ್ ಎಂದು ತಿದ್ದಿದರು. ಮಹಾಮೊತ್ತವನ್ನು ತಿದ್ದಲು ಮರೆತರು. ಈಗ ಒಂದೇ ಹಾಳೆ ಎರಡು ಮಾತಾಡುತ್ತಿದೆ. ಮೊತ್ತಗಳನ್ನು ಬರೆದೇ ಇಡದೆ, ಹಾಳೆ ಮುದ್ರಿಸುವ ಹೊತ್ತಿಗೆ ಕೂಡಿಸಿ ತೋರಿಸಿದ್ದರೆ ಈ ಫಜೀತಿ ಹುಟ್ಟುತ್ತಲೇ ಇರಲಿಲ್ಲ.

1970ರ ಜೂನ್‌ನಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದ ಎಡ್ಗರ್ ಕಾಡ್ ಪ್ರಕಟಿಸಿದ ಪ್ರಬಂಧ ಇಂದಿನ ಬಹುಪಾಲು ಡೇಟಾಬೇಸ್‌ಗಳ ತಾಯಿಬೇರು. ಅದನ್ನು ಪೂರ್ತಿ ಓದುವವರು ಕಡಿಮೆ. ಅಲ್ಲಿ ಕಾಡ್ ಮೂರು ಬೇರೆ ಬೇರೆ ಗುಂಪು ಮಾಡುತ್ತಾನೆ: ಜನ ಹೆಸರಿಟ್ಟು ಬಳಸುವ ಕೋಷ್ಟಕಗಳು, ಅವುಗಳಿಂದ ಹುಟ್ಟಿಸಬಹುದಾದ ಎಲ್ಲ ಕೋಷ್ಟಕಗಳು, ಯಂತ್ರದೊಳಗೆ ನಿಜವಾಗಿ ಶೇಖರಣೆಯಾದವು. ಒಂದು ಮಾಹಿತಿಯನ್ನು ಇನ್ನೊಂದರಿಂದ ಪಡೆಯಬಹುದಾದರೆ ಅಲ್ಲಿ ಪುನರಾವರ್ತನೆಯಿದೆ, ಪುನರಾವರ್ತನೆ ಇರುವ ಕಡೆ ಹೊಂದಾಣಿಕೆ ಕೆಡುವ ಭಯವೂ ಇದೆ ಎನ್ನುವುದು ಅವನ ಎಚ್ಚರಿಕೆ.

ಅದಕ್ಕೂ ಮುಂಚೆ, 1960ರ ದಶಕದ ನಡುವಿನಲ್ಲಿ, ಅಮೆರಿಕದ ಟಿಆರ್‌ಡಬ್ಲ್ಯೂ ಕಂಪನಿಯಲ್ಲಿ ಡಾನ್ ನೆಲ್ಸನ್ ಮತ್ತು ಡಿಕ್ ಪಿಕ್ ಸೇನೆಯ ಷೆಯೆನ್ ಹೆಲಿಕಾಪ್ಟರಿನ ಬಿಡಿಭಾಗಗಳ ಲೆಕ್ಕ ಇಡಲು ಒಂದು ವ್ಯವಸ್ಥೆ ಕಟ್ಟುತ್ತಿದ್ದರು. ಪಿಕ್ ಎಂಬ ಹೆಸರಿನಲ್ಲೇ ಅದು ಮುಂದೆ ಬೆಳೆಯಿತು. ಅಲ್ಲಿ ಪ್ರತಿ ಫೈಲಿಗೂ ಜೊತೆಗೊಂದು ‘ಡಿಕ್ಷನರಿ’ ಇರುತ್ತದೆ. ಯಾವ ಖಾನೆ ಎಲ್ಲಿದೆ, ಅದನ್ನು ಹೇಗೆ ತೋರಿಸಬೇಕು ಎಂಬ ವಿವರ ಅದರಲ್ಲಿ. ಈ ವಂಶದ ಪ್ರೈಮ್ ಇನ್ಫರ್ಮೇಶನ್, ಯೂನಿವರ್ಸ್‌ಗಳಲ್ಲಿ ಡಿಕ್ಷನರಿಯ ನಮೂದಿನ ಮುಂದೆ ‘ಡಿ’ ಎಂದಿದ್ದರೆ ಅದು ದಾಖಲೆಯಲ್ಲಿ ಬರೆದಿಟ್ಟದ್ದು. ‘ಐ’ ಎಂದಿದ್ದರೆ ಅಲ್ಲಿರುವುದು ಅಂಕಿಯಲ್ಲ, ಸೂತ್ರ. ಪಟ್ಟಿ ಕೇಳಿದವನಿಗೆ ಎರಡೂ ಒಂದೇ ಥರ ಕಾಣುತ್ತವೆ, ಕಡತ ಕಟ್ಟಿದವನಿಗೆ ಮಾತ್ರ ವ್ಯತ್ಯಾಸ ಗೊತ್ತು. ಈ ಜಾಣತನ ಎಸ್‌ಕ್ಯೂಎಲ್ ಲೋಕಕ್ಕೆ ಬರಲು ಕಾಲ ಹಿಡಿಯಿತು. ಮೈಎಸ್‌ಕ್ಯೂಎಲ್‌ನಲ್ಲಿ 2015ಕ್ಕೆ, ಪೋಸ್ಟ್‌ಗ್ರೆಸ್‌ನಲ್ಲಿ 2019ಕ್ಕೆ ‘ಜನರೇಟೆಡ್ ಕಾಲಂ’ ಎಂಬ ಹೆಸರಿನಲ್ಲಿ ಅದು ಸಿಕ್ಕಿತು.

ವೇಗದ ಸಲುವಾಗಿ ಲೆಕ್ಕದ ಅಂಕಿಯನ್ನೂ ಬರೆದಿಡುವುದುಂಟು, ಅದರಲ್ಲಿ ತಕರಾರಿಲ್ಲ. ಪಾಸ್‌ಬುಕ್ಕಿನ ಬಾಕಿ ಎಂದರೆ ಖಾತೆ ತೆರೆದ ದಿನದಿಂದ ಜಮೆ–ಖರ್ಚು ಕೂಡಿ ಕಳೆದದ್ದು. ಎಟಿಎಂ ಮುಂದೆ ನಿಂತವನಿಗಾಗಿ ಇಪ್ಪತ್ತು ವರ್ಷದ ವಹಿವಾಟನ್ನು ಪ್ರತಿ ಸಲ ಕೂಡಲು ಯಾವ ಬ್ಯಾಂಕೂ ಕೂತಿಲ್ಲ. ಬಾಕಿಯನ್ನು ಬರೆದಿಟ್ಟು, ದಿನದ ಕೊನೆಗೆ ತಾಳೆ ನೋಡುತ್ತದೆ.

ನಿಜವಾದ ತೊಡಕು ಬೇರೆ. ಎಷ್ಟೋ ಕಡೆ ನಾವು ಮೂಲವನ್ನು ಬಿಟ್ಟು ಫಲಿತಾಂಶವನ್ನೇ ಬರೆದುಕೊಂಡಿದ್ದೇವೆ. ವಯಸ್ಸು ಇದಕ್ಕೆ ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ. ಹುಟ್ಟಿದ ದಿನ ಒಂದೇ ಸಲ ನಡೆದ ಸಂಗತಿ, ಅದನ್ನು ಬರೆದಿಡಬಹುದು. ವಯಸ್ಸು ಇವತ್ತಿನ ತಾರೀಖಿನ ಮೇಲೆ ನಿಂತಿದೆ. ಬರೆದ ಮರುವರ್ಷವೇ ಸುಳ್ಳು. ಪೋಸ್ಟ್‌ಗ್ರೆಸ್ ಈ ವಿಷಯದಲ್ಲಿ ಬಿಗಿ. ಇವತ್ತಿನ ತಾರೀಖನ್ನು ಬಳಸುವ ಸೂತ್ರವನ್ನು ಜನರೇಟೆಡ್ ಕಾಲಂಗೆ ಕೊಟ್ಟರೆ ಅದು ಒಪ್ಪುವುದೇ ಇಲ್ಲ. ಮತದಾರರ ಪಟ್ಟಿಯಲ್ಲಿ ವಯಸ್ಸು ಅಚ್ಚಾಗುತ್ತದೆ ನಿಜ, ಆದರೆ ಅದರ ಜೊತೆ ‘ಇಂಥ ಅರ್ಹತಾ ದಿನಾಂಕಕ್ಕೆ’ ಎಂಬ ಷರತ್ತೂ ಅಚ್ಚಾಗುತ್ತದೆ. ಬಹುಕಾಲ ಜನವರಿ 1 ಒಂದೇ ಇದ್ದ ಆ ದಿನಾಂಕ 2022ರಿಂದ ವರ್ಷಕ್ಕೆ ನಾಲ್ಕು ಆಗಿದೆ. ವಯಸ್ಸು ಮತ್ತು ದಿನಾಂಕ ಒಟ್ಟಿಗೆ ಇದ್ದರೆ ಮಾತ್ರ ಆ ಅಂಕಿಗೆ ಅರ್ಥ.

ನಮ್ಮ ಮೇಷ್ಟ್ರುಗಳು ಮಾಡಿದ್ದು ಇದಕ್ಕೂ ಒಂದು ಹೆಜ್ಜೆ ಮುಂದಿನ ಕೆಲಸ. ಮಗುವನ್ನು ಶಾಲೆಗೆ ಸೇರಿಸಲು ಕರೆತಂದ ತಾಯಿತಂದೆಗೆ ಹುಟ್ಟಿದ ತಾರೀಖು ಗೊತ್ತಿಲ್ಲ; ದೊಡ್ಡ ಮಳೆ ಬಂದ ವರ್ಷ, ಜಾತ್ರೆಯ ಮಾರನೆ ವಾರ ಎಂದಷ್ಟೇ ನೆನಪು. ಸೇರಿಸಲು ವಯಸ್ಸು ಸಾಲಬೇಕು, ಶಾಲೆ ಶುರುವಾಗುವುದು ಜೂನ್‌ನಲ್ಲಿ. ಮೇಷ್ಟ್ರು ಬೇಕಾದ ವಯಸ್ಸಿನಿಂದ ಹಿಂದಕ್ಕೆ ಎಣಿಸಿ ಜೂನ್ 1 ಎಂದು ಬರೆದರು. ಹೀಗೆ ಕರ್ನಾಟಕದಲ್ಲಿ ಒಂದು ಇಡೀ ತಲೆಮಾರು ಜೂನ್ 1ರಂದು ಹುಟ್ಟಿತು. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕೆಂಬ ನಿಯಮದಿಂದಾಗಿ ಕಚೇರಿಗಳಲ್ಲಿ ಮೇ 31ಕ್ಕೆ ಬೀಳ್ಕೊಡುಗೆಯ ಹಾರಗಳ ಸಾಲು. ಆಧಾರ್ ಬಂದಾಗ ಇದೇ ಕಥೆ ತಾರೀಖು ಬದಲಿಸಿ ನಡೆಯಿತು. ವಯಸ್ಸನ್ನಷ್ಟೇ ಹೇಳಬಲ್ಲವರಿಗೆ ಅದರಿಂದ ಹುಟ್ಟಿದ ವರ್ಷ ಲೆಕ್ಕ ಹಾಕಿಕೊಂಡರು, ಎಷ್ಟೋ ಜನ ಜನವರಿ 1ರವರಾದರು. ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ತರಕಾರಿಯ ಬುಟ್ಟಿಯ ಹಿಂದೆ ಕೂತ ಉತ್ತರ ಕರ್ನಾಟಕದ ಹಿರಿಯರ ಕಾರ್ಡು ತೆಗೆಸಿ ನೋಡಿದರೆ ಈ ಎರಡು ತಾರೀಖುಗಳಲ್ಲಿ ಒಂದು ಸಿಗುವ ಸಂಭವ ಚೆನ್ನಾಗಿದೆ. ಲೆಕ್ಕದಿಂದ ಹುಟ್ಟಿದ ಅಂಕಿ ಮೂಲದ ಖಾನೆಗೆ ಹೋಗಿ ಕೂತರೆ ಮತ್ತೆ ಎಬ್ಬಿಸಲಾಗುವುದಿಲ್ಲ, ಏಕೆಂದರೆ ಪಿಂಚಣಿಯಿಂದ ಹಿಡಿದು ವಿಮೆಯವರೆಗೆ ಎಲ್ಲವೂ ಅಲ್ಲಿಂದಲೇ ಎಣಿಕೆ ಶುರು ಮಾಡುತ್ತವೆ.

ಹಾಗಾದರೆ ‘ನಡೆದದ್ದನ್ನು ಬರೆದಿಡು, ಉಳಿದದ್ದನ್ನು ಲೆಕ್ಕ ಹಾಕು’ ಎಂದು ನಿಯಮ ಮಾಡಿಬಿಡಬಹುದೇ? ಅಲ್ಲೂ ಒಂದು ಗುಂಡಿ ಇದೆ. ಅಂಗಡಿಯ ಬಿಲ್ ತೆಗೆದುಕೊಳ್ಳಿ. ಬೆಲೆ ಬರೆದಿದ್ದೇವೆ, ತೆರಿಗೆ ದರದ ಪಟ್ಟಿ ಬೇರೆ ಕಡೆ ಇದೆ, ಜಿಎಸ್‌ಟಿ ಮೊತ್ತವನ್ನು ಗುಣಿಸಿ ತೋರಿಸಿದರಾಯಿತು. 2025ರ ಸೆಪ್ಟೆಂಬರ್ 22ರಂದು ಏರ್ ಕಂಡಿಷನರ್ ಮೇಲಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಅದರ ಹಿಂದಿನ ವಾರ 40,000 ರೂಪಾಯಿಯ ಯಂತ್ರ ಮಾರಿ 11,200 ರೂಪಾಯಿ ತೆರಿಗೆ ವಸೂಲಿ ಮಾಡಿದ್ದ ವ್ಯಾಪಾರಿ, ದರದ ಪಟ್ಟಿ ತಿದ್ದಿ ಹಳೆಯ ಬಿಲ್ ಮತ್ತೆ ಮುದ್ರಿಸಿದರೆ 7,200 ಎಂದು ಬರುತ್ತದೆ. ಗಣಿತದಲ್ಲಿ ತಪ್ಪಿಲ್ಲ, ಕಾಗದ ಮಾತ್ರ ಸುಳ್ಳು. ಲೆಕ್ಕದಿಂದ ಹುಟ್ಟಿದ್ದರೂ, ಗಿರಾಕಿಯ ಕೈಗೆ ಕೊಟ್ಟ ಕ್ಷಣದಲ್ಲಿ ಆ 11,200 ಒಂದು ಘಟನೆಯಾಯಿತು. ಘಟನೆಯನ್ನು ಮತ್ತೆ ಲೆಕ್ಕ ಹಾಕುವ ಹಕ್ಕು ಯಾರಿಗೂ ಇಲ್ಲ.

ಈಗ ಮತ್ತೆ ನೆಲಕ್ಕೆ ಬರೋಣ. ಕರ್ನಾಟಕದ ‘ಭೂಮಿ’ ಯೋಜನೆ ಈ ಸಹಸ್ರಮಾನದ ಮೊದಲ ವರ್ಷಗಳಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕ ನಿಂತಿತು. ಆಗ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗುತ್ತಿತ್ತು. ಈ ಪಹಣಿಯ ಕಾಲಂ 3ರಲ್ಲಿ ವಿಸ್ತೀರ್ಣವಿದೆ: ಒಟ್ಟು, ಅದರಲ್ಲಿ ಫೂಟ್ ಖರಾಬು ‘ಎ’ ಎಂದರೆ ಬೇಸಾಯಕ್ಕೆ ಬಾರದ್ದು, ‘ಬಿ’ ಎಂದರೆ ದಾರಿ, ಹಳ್ಳ ಮುಂತಾಗಿ ಸಾರ್ವಜನಿಕರಿಗೆ ಬಿಟ್ಟದ್ದು, ಕೊನೆಗೆ ಉಳಿಕೆ. ಈ ‘ಉಳಿಕೆ’ ಅಪ್ಪಟ ಲೆಕ್ಕದ ಅಂಕಿ. ಆಮೇಲೆ ಕಾಲಂ 9 ಬರುತ್ತದೆ. ಅಲ್ಲಿ ಸ್ವಾಧೀನದಾರರ ಹೆಸರು, ಹೆಸರಿನೆದುರು ಅವರವರ ಪಾಲಿನ ವಿಸ್ತೀರ್ಣ.

ಅಣ್ಣತಮ್ಮಂದಿರ ಪಾಲುಗಳನ್ನೆಲ್ಲ ಕೂಡಿದರೆ ಕಾಲಂ 3ರ ನೆಲಕ್ಕೆ ಸರಿಹೋಗಬೇಕು. ಎಷ್ಟೋ ಕಡೆ ಹೋಗುವುದಿಲ್ಲ. ತಾಲೂಕು ಕಚೇರಿಗಳ ಕಾರಿಡಾರಿನಲ್ಲಿ ‘3 ಮತ್ತು 9 ಮಿಸ್‌ಮ್ಯಾಚ್’ ಎಂಬ ಮಾತು ಜ್ವರದ ಹೆಸರಿನಂತೆ ಬಳಕೆಯಲ್ಲಿದೆ. ಅದು ತಗುಲಿಕೊಂಡ ಸರ್ವೆ ನಂಬರಿನಲ್ಲಿ ಪೋಡಿ, ಮ್ಯುಟೇಶನ್, ಸಾಲ ಎಲ್ಲವೂ ಕಗ್ಗಂಟು. ತಹಶೀಲ್ದಾರರ ಆದೇಶವಾಗಿ ತಿದ್ದುಪಡಿಯಾಗುವವರೆಗೆ ಅಲೆದಾಟ.

ಡೇಟಾಬೇಸ್ ಪಾಠವನ್ನು ಹೊಸದಾಗಿ ಕಲಿತುಬಂದ ಹುಡುಗನಿಗೆ ಇದನ್ನು ತೋರಿಸಿದರೆ ತಕ್ಷಣ ಪರಿಹಾರ ಹೇಳುತ್ತಾನೆ. ಒಟ್ಟನ್ನು ಯಾಕೆ ಬೇರೆ ಬರೆದಿದ್ದೀರಿ? ಅದು ಪುನರಾವರ್ತನೆ. ಕಾಲಂ 9ರ ಪಾಲುಗಳನ್ನು ಕೂಡಿಸಿ ಕಾಲಂ 3ರಲ್ಲಿ ತೋರಿಸಿ, ಮಿಸ್‌ಮ್ಯಾಚ್ ಎಂಬುದೇ ಇರುವುದಿಲ್ಲ. ಅವನ ಮಾತು ಅಕ್ಷರಶಃ ನಿಜ. ಮಿಸ್‌ಮ್ಯಾಚ್ ಇರುವುದಿಲ್ಲ, ಜಗಳ ಮಾತ್ರ ಇರುತ್ತದೆ, ಅದೂ ಯಾರ ಕಣ್ಣಿಗೂ ಬೀಳದ ಹಾಗೆ.

ಏಕೆಂದರೆ ಈ ಎರಡು ಅಂಕಿಗಳು ಬಂದ ದಾರಿಯೇ ಬೇರೆ. ಕಾಲಂ 3 ಸರ್ವೆ ಇಲಾಖೆಯದು. ಸರಪಳಿ ಹಿಡಿದು ಅಳೆದವರ ಪುಸ್ತಕದಿಂದ ಆಕಾರಬಂದಿಗೆ, ಆಕಾರಬಂದಿಯಿಂದ ಪಹಣಿಗೆ ಅದು ಇಳಿದದ್ದು. ಕಾಲಂ 9 ಕಂದಾಯ ಇಲಾಖೆಯದು. ಮಾರಾಟ, ವಾರಸಾ, ಪಾಲುಪಟ್ಟಿ, ಕೋರ್ಟು ಡಿಕ್ರಿ, ಒಂದೊಂದು ಮ್ಯುಟೇಶನ್ ಆದಾಗಲೂ ಅಲ್ಲಿ ಒಂದು ಹೆಸರು ಅಳಿದು ಇನ್ನೊಂದು ಕೂತದ್ದು. ಮೊದಲನೆಯದು ನೆಲ ಹೇಳುವ ಮಾತು, ಎರಡನೆಯದು ಜನ ಹೇಳುವ ಮಾತು. ಒಂದೂವರೆ ಎಕರೆ ಇದ್ದವನು ಎರಡು ಎಕರೆ ಮಾರಿದ್ದರೆ ಅದು ಬಯಲಾಗುವುದು ಈ ಎರಡು ಮಾತು ತಾಳೆಯಾಗದೆ ಹೋದಾಗ. ಒಟ್ಟನ್ನು ಪಾಲುಗಳಿಂದ ಹುಟ್ಟಿಸಿಬಿಟ್ಟರೆ, ಮಾರಿದಷ್ಟೂ ಹೊಲ ಬೆಳೆಯುತ್ತ ಹೋಗುತ್ತದೆ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಒಂದು ಅಂಕಿಯನ್ನು ಇನ್ನೊಂದರಿಂದ ಲೆಕ್ಕ ಹಾಕಲು ಬರುತ್ತದೆ ಎಂದ ಮಾತ್ರಕ್ಕೆ ಅದು ಅದರಿಂದಲೇ ಹುಟ್ಟಿದ್ದು ಎನ್ನಲಾಗದು. ಕಡತ ಕಟ್ಟುವವನು ಸೂತ್ರ ಬರೆಯುವ ಮೊದಲು ಕೇಳಬೇಕಾದ್ದು ‘ಈ ಅಂಕಿಯನ್ನು ಯಾರು ಹೇಳಿದರು?’ ಎಂದು. ಇಬ್ಬರು ಬೇರೆ ಬೇರೆ ನಿಂತು ಹೇಳಿದ್ದರೆ ಎರಡನ್ನೂ ಬರೆದಿಡಬೇಕು, ಲೆಕ್ಕವನ್ನು ತಾಳೆ ನೋಡುವುದಕ್ಕೆ ಬಳಸಬೇಕು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಲೂಕಾ ಪಾಚೋಲಿ ವಿವರಿಸಿದ ಜಮೆ–ಖರ್ಚಿನ ಜೋಡಿ ಲೆಕ್ಕವೂ ಇದೇ ಯುಕ್ತಿಯ ಮೇಲೆ ನಿಂತದ್ದು. ಒಂದೇ ವ್ಯವಹಾರವನ್ನು ಬೇಕೆಂದೇ ಎರಡು ಸಲ ಬರೆಯುವುದು.

‘ಒಟ್ಟು’ ಮತ್ತು ‘ಪಾಲು’ಗಳ ನಡುವಿನ ಎಲ್ಲ ಬಿರುಕೂ ಮೋಸದಿಂದ ಆದದ್ದಲ್ಲ, ಅದನ್ನೂ ಹೇಳಬೇಕು. ನಮ್ಮ ಅಳತೆಯೇ ಬಿರುಕನ್ನು ಬಗಲಲ್ಲಿಟ್ಟುಕೊಂಡು ಬಂದಿದೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಂದು ಎಕರೆ ಹತ್ತು ಗುಂಟೆ ಹೊಲ, ಮೂವರು ಅಣ್ಣತಮ್ಮಂದಿರು. 50 ಗುಂಟೆಯನ್ನು ಮೂರು ಮಾಡಿದರೆ ತಲಾ 16 ಗುಂಟೆ, 10 ಆಣೆ, ಇನ್ನೂ ಮುಕ್ಕಾಲಿಗೆ ತುಸು ಕಮ್ಮಿ ಒಂದು ಚೂರು. ಆ ಚೂರು ಬರೆಯಲು ಖಾನೆಯಿಲ್ಲ, 16 ಗುಂಟೆ 10 ಆಣೆ ಎಂದು ಬರೆಯುತ್ತಾರೆ. ಮೂರನ್ನೂ ಮತ್ತೆ ಕೂಡಿ: 49 ಗುಂಟೆ 14 ಆಣೆ. ಎರಡು ಆಣೆ ನೆಲ, ಅಂದರೆ ಸುಮಾರು 136 ಚದರ ಅಡಿ, ಕಾಗದದ ಮೇಲೆ ಕಾಣೆ. ಸ್ಥಳದಲ್ಲಿ ಅದು ಇದ್ದಲ್ಲೇ ಇದೆ, ಯಾರೋ ಅದರಲ್ಲಿ ಶೇಂಗಾ ಬಿತ್ತಿದ್ದಾರೆ. ಇನ್ನು, 1.30 ಎಂದು ಬರೆದ ಒಂದು ಎಕರೆ ಮೂವತ್ತು ಗುಂಟೆಯನ್ನು ದಶಮಾಂಶವೆಂದು ತಿಳಿದು ಇನ್ನೊಂದು 1.30ರ ಜೊತೆ ಕೂಡಿದ ಎಕ್ಸೆಲ್ ಹಾಳೆ 2.60 ಎನ್ನುತ್ತದೆ, ರೈತ ಮೂರೆಕರೆ ಇಪ್ಪತ್ತು ಗುಂಟೆ ಎನ್ನುತ್ತಾನೆ. ಸೂತ್ರಕ್ಕೆ ಅಳತೆಯ ಗುಣ ಗೊತ್ತಿರಬೇಕು. ಗೋವಾದ ಹೆಕ್ಟೇರ್–ಆರ್ ಲೆಕ್ಕದಲ್ಲಿ ನೂರು ನೂರರ ಮೆಟ್ಟಿಲಾದ್ದರಿಂದ ಈ ಎರಡನೆಯ ಕಾಟವಿಲ್ಲ. ಖಾನಾಪುರದ ಕಡೆಯಿಂದ ಬಂದು ಮ್ಹಾಪಸಾ ಇರುವ ಬಾರ್ದೇಸ್ ತಾಲೂಕಿನಲ್ಲಿ ಜಾಗ ನೋಡುವವರು ಮಾತ್ರ ಚದರ ಮೀಟರನ್ನು ಗುಂಟೆಗೆ ಇಳಿಸಿಕೊಳ್ಳುವಷ್ಟರಲ್ಲಿ ಬೆವರುತ್ತಾರೆ.

ಬಾರ್ದೇಸಿನ ಒಂದು ಹಳೆಯ ಆಸ್ತಿಯ ಕ್ರಯಪತ್ರ ಓದಿದರೆ ಒಂದೇ ನೆಲಕ್ಕೆ ಮೂರು ಗುರುತು ಸಿಗುತ್ತವೆ. ಪೋರ್ಚುಗೀಸರ ಕಾಲದ ಭೂ ನೋಂದಣಿ ಕಚೇರಿಯಲ್ಲಿನ ವಿವರಣೆಯ ಸಂಖ್ಯೆ; ತೆರಿಗೆಗಾಗಿ ಇಟ್ಟಿದ್ದ ಮಾತ್ರಿಜ್ ಪಟ್ಟಿಯ ಸಂಖ್ಯೆ; 1961ರ ವಿಮೋಚನೆಯ ನಂತರ, 1968ರ ಭೂಕಂದಾಯ ಸಂಹಿತೆಯಡಿ ನಡೆದ ಅಳತೆಯ ಸರ್ವೆ ನಂಬರು. ಜೊತೆಗೆ ನಾಲ್ಕು ದಿಕ್ಕಿನ ಚಕ್ಕುಬಂದಿ. ಒಂದರಿಂದ ಇನ್ನೊಂದನ್ನು ಹುಟ್ಟಿಸುವ ಸೂತ್ರವಿಲ್ಲ. ಈ ಹೊರೆಯನ್ನು ಒಂದೇ ಸಂಖ್ಯೆಗೆ ಇಳಿಸಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಮ್ಹಾಪಸಾದ ವಕೀಲರು ಮೂರನ್ನೂ ಬಿಡದೆ ಬರೆಯುವುದರ ಹಿಂದೆ ಕಾಲಂ 3 ಮತ್ತು 9ರ ತರ್ಕವೇ ಇದೆ: ಮೂರು ಕಾಲದಲ್ಲಿ, ಮೂರು ಉದ್ದೇಶಕ್ಕೆ, ಮೂರು ಕಚೇರಿಗಳು ಹೇಳಿದ್ದು. ಮೂರೂ ಒಂದೇ ನೆಲವನ್ನು ತೋರಿಸುತ್ತವೆಯೇ ಎಂದು ನೋಡುವುದರಲ್ಲೇ ಹಕ್ಕಿನ ಪರಿಶೀಲನೆಯ ಅರ್ಧ ಕೆಲಸ ಮುಗಿಯುತ್ತದೆ. ಖೊಟ್ಟಿ ದಾಖಲೆಗಳಿಂದ ಇನ್ನೊಬ್ಬರ ಆಸ್ತಿ ಹೊಡೆದುಕೊಳ್ಳುವ ಪ್ರಕರಣಗಳಿಗೆಂದೇ ಗೋವಾ ಸರ್ಕಾರ 2022ರಲ್ಲಿ ವಿಶೇಷ ತನಿಖಾ ತಂಡ ಕಟ್ಟಬೇಕಾಯಿತು. ಬರೆದಿಟ್ಟ ಮೂಲವೇ ಖೊಟ್ಟಿಯಾದರೆ ಅದರ ಮೇಲೆ ಹಾಕಿದ ಲೆಕ್ಕ ಎಷ್ಟು ಶುದ್ಧವಾಗಿದ್ದರೂ ಕಳ್ಳನ ಪರವೇ.

ಈಗ ಹೊಸದೊಂದು ಅಂಕಿ ಪೈಪೋಟಿಗೆ ಬಂದಿದೆ. ಸರ್ವೆ ನಕ್ಷೆಗಳು ಡಿಜಿಟಲ್ ಆದ ಮೇಲೆ, ತುಂಡಿನ ಮೂಲೆಗಳ ಅಕ್ಷಾಂಶ–ರೇಖಾಂಶ ಕೊಟ್ಟರೆ ಕಂಪ್ಯೂಟರೇ ವಿಸ್ತೀರ್ಣ ಹೇಳಬಲ್ಲದು. ಆಗ ವಿಸ್ತೀರ್ಣವೂ ಬರೆದಿಡಬೇಕಾದ ಅಂಕಿಯಾಗಿ ಉಳಿಯದೆ ನಕ್ಷೆಯಿಂದ ಹುಟ್ಟುವ ಲೆಕ್ಕವಾಗುತ್ತದೆ. ಅದು ಹಳೆಯ ಕಾಗದದ ಅಂಕಿಗೆ ಚದರ ಮೀಟರಿನ ಮಟ್ಟದಲ್ಲಿ ಹೊಂದಿಕೊಳ್ಳುವುದು ಅಪರೂಪ. ಕೈಯಲ್ಲಿ ಎಳೆದ ಗೆರೆ, ಕುಗ್ಗಿದ ಕಾಗದ, ಸರಪಳಿಯ ಜೋಲು ಎಲ್ಲವೂ ಆ ಅಂತರದಲ್ಲಿ ಕೂತಿರುತ್ತವೆ. ಎಂಜಿನಿಯರಿಗೆ ಹೊಸ ಅಂಕಿಯ ಮೇಲೆ ನಂಬಿಕೆ. ಕಾನೂನು ಸದ್ಯಕ್ಕೆ ಇನ್ನೊಂದು ಕಡೆ ನಿಂತಿದೆ. ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಕಲಂ ಮತ್ತು ಗೋವಾ ಸಂಹಿತೆಯ 105ನೆಯ ಕಲಂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ: ಹಕ್ಕುದಾಖಲೆಯಲ್ಲಿ ಬರೆದಿರುವ ನಮೂದು, ಬೇರೆಯದೇ ಎಂದು ರುಜುವಾತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಬರುವವರೆಗೆ, ನಿಜವೆಂದೇ ಭಾವಿಸತಕ್ಕದ್ದು. ನಕ್ಷೆಯಿಂದ ಲೆಕ್ಕ ಹಾಕಿದ ಅಂಕಿ ಬೇಕಾದರೆ ಸಾಕ್ಷಿಯಾಗಿ ಮಾಮಲೇದಾರರ ಮುಂದೆ ಬರಬಹುದು. ಅವರು ವಿಚಾರಣೆ ನಡೆಸಿ, ಆದೇಶ ಮಾಡಿ, ಅದನ್ನು ವನ್ ಫೋರ್ಟೀನ್‌ನ ಖಾನೆಯಲ್ಲಿ ಬರೆಸಿದ ಮೇಲೆಯೇ ಅದಕ್ಕೆ 105ನೆಯ ಕಲಮಿನ ಆಸರೆ ಸಿಗುವುದು.